ಚಂದ್ರಿಗೊಂದು ಬಟ್ಟಲು

ಬಹಳ ವರ್ಷದ ಹಿಂದಿನ ಮಾತು... ನಮ್ಮ ಎದುರು ಮನೆಯಲ್ಲಿ ತಿಪ್ಪಮ್ಮ ಅಂತ ಒಬ್ಬ ತಾಯಿ ಇದ್ದಳು. ಗಂಡ ಹೆಂಡತಿ ಇಬ್ಬರಿಗೂ ಮಂಡಕ್ಕಿ ಭಟ್ಟಿಯಲ್ಲಿ ಕೂಲಿ.

ಇಬ್ಬರು ಗಂಡುಮಕ್ಕಳು, ಆಮೇಲೆ ಚಂದ್ರಿ. ಎರಡು ವರ್ಷ ತುಂಬಿದರೂ ಎತ್ತಿಕೊಂಡರೆ ಹತ್ತಿ ಎತ್ತಿದ ಹಾಗೆ...

ಅಂಗನವಾಡಿಯಲ್ಲಿ ಯಾವಾಗ ನೋಡಿದರೂ ಅಷ್ಟೇ ತೂಕ. ತಿಪ್ಪಮ್ಮ ದೃಷ್ಟಿ ತೆಗೆದಳು, ತಾಯತ ಕಟ್ಟಿಸಿದಳು. ಮಗು ಕೈಗೆ ದಕ್ಕುತ್ತೋ ಇಲ್ಲವೋ ಅನ್ನೋ ಭಯ ಒಳಗೇ ಕೊರೆಯುತ್ತಿತ್ತು.

ಒಂದಿನ ಅಂಗನವಾಡಿಯ ಅನಸೂಯಾ ಟೀಚರ್ ಮನೆಗೇ ಬಂದರು.

"ಹಾಲು, ಹಣ್ಣು, ಮೊಟ್ಟೆ ಅಂತ ಹೇಳೋಕೆ ಬಂದ್ರೇನ್ರಿ ಟೀಚರ್? ಹೇಳ್ರಿ, ಕೇಳೋಕೇನು ಕಾಸು ಬೇಕಾ" ಅಂದಳು ತಿಪ್ಪಮ್ಮ.

ಟೀಚರ್ ನಕ್ಕರು. "ಏನೂ ಹೇಳಲ್ಲವ್ವ. ಮಕ್ಕಳು ಉಣ್ಣೋದು ನೋಡಿ ಹೋಗ್ತೀನಿ."

ಅನ್ನ, ಹೆಸರುಕಾಳಿನ ಸಾರು. ಒಂದೇ ದೊಡ್ಡ ಗಂಗಾಳ. ಮೂವರೂ ಸುತ್ತ ಕೂತರು.

"ಇವತ್ತು ಚಂದ್ರಿಗೆ ಬೇರೆ ಬಟ್ಟಲಲ್ಲಿ ಹಾಕ್ತೀಯಾ?" ಅಂದರು ಟೀಚರ್.

ತಿಪ್ಪಮ್ಮನ ಮುಖ ಸಣ್ಣದಾಯಿತು. "ಒಂದೇ ಹೊಟ್ಟೇಲಿ ಹುಟ್ಟಿದೋರು ಟೀಚರ್... ಗಂಗಾಳ ಬೇರೆ ಮಾಡಿದ್ರೆ ಮನಸ್ಸೂ ಬೇರೆ ಆಗ್ತಾವೆ."

"ಇದೊಂದು ಹೊತ್ತು, ನನಗೋಸ್ಕರ."

ಒಲ್ಲದ ಮನಸ್ಸಿನಿಂದ ಬಟ್ಟಲಿಗೆ ಹಾಕಿಕೊಟ್ಟಳು.

ಅಣ್ಣಂದಿರು ಗಬಗಬ ಉಂಡು ಎದ್ದರು. ಗಂಗಾಳ ಖಾಲಿ. ಚಂದ್ರಿ ಮಾತ್ರ ಒಂದೊಂದೇ ಕಾಳು ಆರಿಸಿ ಬಾಯಿಗಿಡುತ್ತಿತ್ತು... ಬಟ್ಟಲಿನ ಅನ್ನ ಹಾಕಿದ ಹಾಗೇ ಇತ್ತು.

ಗಂಗಾಳ ಎತ್ತೋಕೆ ಅಂತ ತಿಪ್ಪಮ್ಮ ಬಗ್ಗಿದಳು.

ಅಷ್ಟಕ್ಕೇ ಮಗು ಎರಡೂ ಕೈಯಿಂದ ತನ್ನ ಬಟ್ಟಲು ಮುಚ್ಚಿಕೊಂಡಿತು. "ನಂದು..."

ತಿಪ್ಪಮ್ಮ ಅಲ್ಲೇ ಕೂತುಬಿಟ್ಟಳು.

"ದಿನಾ ಗಂಗಾಳ ಖಾಲಿ ಆಗ್ತಿತ್ತು ಟೀಚರ್... ಮೂರೂ ಉಂಡ್ವು ಅನ್ಕಂಡು ಎತ್ತಿಡ್ತಿದ್ದೆ..." ಸೆರಗು ಕಣ್ಣಿಗೆ ಹೋಯಿತು.

ಟೀಚರ್ ಅವಳ ಬೆನ್ನ ಮೇಲೆ ಕೈ ಇಟ್ಟರು. "ಸಣ್ಣ ಬಾಯಿಗೆ ಹೊತ್ತು ಬೇಕವ್ವ. ಬಟ್ಟಲು ಬೇರೆ ಇಡು, ಕಾಳು ಹಿಚುಕಿ ಗಟ್ಟಿಯಾಗಿ ಕಲಸು, ಪಕ್ಕದಲ್ಲಿ ಕೂತ್ಕೋ. ಅಷ್ಟೇ."

ದೊಡ್ಡ ಹುಡುಗ ತಿರುಗಿ ಬಂದು ತಂಗಿ ಪಕ್ಕ ಕೂತ. "ಯಾರೂ ತಗಳ್ಳಲ್ಲ ಬಿಡೇ. ನಿಧಾನಕ್ಕೆ ಉಣ್ಣು."

ಆಮೇಲೂ ಆ ಮನೆಗೆ ಹೊಸದೇನೂ ಬರಲಿಲ್ಲ. ಅದೇ ಅನ್ನ, ಅದೇ ಸಾರು... ಚಂದ್ರಿಯ ಬಟ್ಟಲು ಮಾತ್ರ ಬೇರೆ.

ಬರುಬರುತ್ತಾ ಚಂದ್ರಿ ಓಣಿ ತುಂಬಾ ಓಡೋಕೆ ಶುರು ಮಾಡಿತು. ಹಿಂದೆ ತಿಪ್ಪಮ್ಮ, ಹಿಡಿಯೋಕಾಗದೆ, ನಗುತ್ತಾ ಬೈಯುತ್ತಾ...

ಖಾಲಿಯಾದ ತಟ್ಟೆ ನೋಡಿ ಎಲ್ಲರ ಹೊಟ್ಟೆ ತುಂಬಿತು ಅನ್ನಬೇಡಿ.

ಇವತ್ತು ನಿಮ್ಮ ಮನೆ ಊಟದಲ್ಲಿ, ಎಲ್ಲರಿಗಿಂತ ಸಣ್ಣವರ ಪಕ್ಕ ಕೂತವರು ಯಾರು?