ಅಲೀಮಮ್ಮ ಹೇಳಿದ್ದು

ಮೂರನೆಯ ಸಾಲಿನ ತುದಿಯಲ್ಲಿ ಕುಳಿತವನು ಮೊಯ್ದೀನಬ್ಬನೇ ಹೌದು. ಅದು ಖಾತ್ರಿಯಾದ ಕೂಡಲೇ ಮಾಯಿಲಪ್ಪ ಮಾಷ್ಟ್ರಿಗೆ, ಆಗಷ್ಟೇ ಹೊದಿಸಿದ್ದ ಶಾಲಿನೊಳಗೆ ಬೆವರೊಡೆಯಿತು.

ಮೊಯ್ದೀನಬ್ಬ ಕಡವಿನೂರಿನ ದೋಣಿಗಟ್ಟೆಯ ಪಕ್ಕದ ಕಡವಿನ ಮನೆಯವನು. ಈಗ ಬಂದರಿನಲ್ಲಿ ಒಣಮೀನಿನ ವ್ಯಾಪಾರ. ಪುಸ್ತಕ ಓದುವ ಕುಳವಲ್ಲ. ಪಕ್ಕದಲ್ಲಿ ಬುರ್ಖಾ ತೊಟ್ಟ ಹೆಂಗಸೊಬ್ಬಳು. ಅವಳ ಮಡಿಲಲ್ಲಿ ಮಾಷ್ಟ್ರು ಬರೆದ ‘ಕಡವಿನೂರಿನ ಚರಿತ್ರೆ’. ಮೊದಲ ಪುಟಗಳ ನಡುವೆ ಬೆರಳಿಟ್ಟು ಮುಚ್ಚಿಕೊಂಡಿದ್ದಳು. ಮುನ್ನುಡಿ ಇರುವುದು ಅಲ್ಲೇ. ಕೇಳಲಿಕ್ಕೇ ಬಂದಿದ್ದಾರೆ ಎಂದುಕೊಂಡರು ಮಾಷ್ಟ್ರು. ಹಂಪನಕಟ್ಟೆಯ ಈ ಸಭಾಗೃಹದಲ್ಲಿ, ಇನ್ನೂರು ಜನರೆದುರು, ಕಳ್ಳನನ್ನು ಕಳ್ಳ ಎನ್ನಲಿಕ್ಕೆ.

ಕದ್ದದ್ದು ನಿಜವೇ.

ಐವತ್ತೊಂದನೆಯ ಇಸವಿ, ಹದಿಮೂರು ವರ್ಷದ ಹಿಂದೆ. ನೇತ್ರಾವತಿಯಾಚೆಯ ಕಡವಿನೂರಿನ ಶಾಲೆಗೆ ಮಾಷ್ಟ್ರು ಹೋದ ಹೊಸತು. ಊರಿನ ಹಳೆಯ ಸಂಗತಿ ಕೆದಕುವ ಹುಚ್ಚು ಅವರಿಗೆ ಆಗಲೇ ಇತ್ತು. ಹಳೇ ಕಾಲದ್ದು ಬೇಕಿದ್ದರೆ ಕಡವಿನ ಮನೆಯ ಅಲೀಮಮ್ಮನನ್ನು ಕೇಳಿ, ಅವರಿಗೆ ತೊಂಬತ್ತು ದಾಟಿದೆ ಎಂದು ದೋಣಿ ನಡೆಸುವ ಬೂಬ ಹೇಳಿದ. ಆದರೆ ಆ ಮನೆಯ ದೊಡ್ಡ ಹೆಂಗಸರು ಪರಗಂಡಸಿನ ಮುಂದೆ ಬರುವವರಲ್ಲ, ದನಿ ಎತ್ತುವವರೂ ಅಲ್ಲ. ಮಾಷ್ಟ್ರು ಜಗಲಿಯಲ್ಲಿ ಕುಳಿತರು. ಪರದೆಯಾಚೆ ಅಜ್ಜಿ ಮಾಷ್ಟ್ರಿಗೆ ಬಾರದ ಬ್ಯಾರಿ ಭಾಷೆಯಲ್ಲಿ ಮೆಲ್ಲಗೆ ಗೊಣಗುವುದು, ಮೊಮ್ಮಗಳು ಝುಬೈದಾ ಪರದೆಯ ಅಂಚಿನಲ್ಲಿ ನಿಂತು ಅದನ್ನು ಕನ್ನಡದಲ್ಲಿ ಹೇಳುವುದು. ಪ್ರತಿ ಗುರುವಾರ ಸಂಜೆ ಹೀಗೇ ನಡೆಯಿತು.

ಝುಬೈದಾಳಿಗೆ ಹನ್ನೆರಡು. ಐದನೆಯ ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದವಳನ್ನು ಆ ವರ್ಷವೇ ಶಾಲೆ ಬಿಡಿಸಿದ್ದರು. ಮಾಷ್ಟ್ರು ಕುಳಿತ ಕೂಡಲೇ ಅವಳು ಹಿಂದಿನ ವಾರದ ಪುಸ್ತಕ ಮರಳಿಸಿ, ಶಾಲೆಯ ಕಪಾಟಿನಿಂದ ತಂದ ಹೊಸತಕ್ಕೆ ಕೈ ಚಾಚುತ್ತಿದ್ದಳು. ಆಮೇಲೆಯೇ ಕಥೆ. ಅಜ್ಜಿ ಎರಡು ಮಾತು ಗೊಣಗಿದರೆ ಹುಡುಗಿಯ ಕನ್ನಡದಲ್ಲಿ ಅದು ಅರ್ಧ ಪುಟವಾಗುತ್ತಿತ್ತು. ಬ್ಯಾರಿ ಭಾಷೆ ಎಷ್ಟು ಅಡಕ ಎಂದು ಮಾಷ್ಟ್ರು ಬೆರಗಾಗಿ ಟಿಪ್ಪಣಿಯ ಅಂಚಿನಲ್ಲಿ ಬರೆದುಕೊಂಡದ್ದೂ ಉಂಟು. ಒಳ್ಳೆಯ ಘಟ್ಟಕ್ಕೆ ಬಂದಾಗಲೇ ಅಜ್ಜಿಗೆ ದಣಿವಾಗುತ್ತಿತ್ತು. ಉಳಿದದ್ದು ಬರುವ ವಾರ.

ಕಥೆಯೂ ಅಂಥದ್ದೇ. ಕಡವಿಗೆ ಶತ್ರುಗಳ ದೋಣಿ ಬರುತ್ತದೆ. ಅವರು ಕಳಿಸಿದ ಓಲೆ ಓದಲು ಊರಿನ ಗಂಡಸರಲ್ಲಿ ಒಬ್ಬನಿಗೂ ಅಕ್ಷರ ಬಾರದು. ದೋಣಿಯವನ ಮಗಳೊಬ್ಬಳು ಅದನ್ನು ಓದಿ, ಮೋಸ ತಿಳಿದು, ಊರನ್ನು ಉಳಿಸುತ್ತಾಳೆ. ಮಳೆಗಾಲ ಮುಗಿಯುವಷ್ಟರಲ್ಲಿ ಮಾಷ್ಟ್ರ ಟಿಪ್ಪಣಿ ಪುಸ್ತಕ ತುಂಬಿತು. ಮರುವರ್ಷ ಅಲೀಮಮ್ಮ ತೀರಿಕೊಂಡರು. ಝುಬೈದಾಳನ್ನು ಕಂಕನಾಡಿಗೆ ಮದುವೆ ಮಾಡಿ ಕೊಟ್ಟರೆಂದು ಆಮೇಲೆ ಯಾರೋ ಹೇಳಿದರು.

ಬರೆಯಲು ಕುಳಿತಾಗ ಮಾಷ್ಟ್ರಿಗೆ ಅಳುಕಾಯಿತು. ಪರದೆಯಾಚೆಯ ಮುದುಕಿಯ ಮಾತೆಂದರೆ ಪಂಡಿತರು ನಕ್ಕಾರು. ಹಳೆಯ ಅಟ್ಟದಲ್ಲಿ ತಾಳೆಗರಿಯ ಕಟ್ಟೊಂದು ಸಿಕ್ಕಿತೆಂದೂ, ನಕಲು ಮಾಡಿಕೊಂಡ ಮೇಲೆ ಅದನ್ನು ಗೆದ್ದಲು ತಿಂದಿತೆಂದೂ ಮುನ್ನುಡಿಯಲ್ಲಿ ಬರೆದುಬಿಟ್ಟರು. ಅಲೀಮಮ್ಮನ ಹೆಸರು ಎಲ್ಲೂ ಬರಲಿಲ್ಲ. ಪಂಡಿತರ ಭಯ ಅರ್ಧ ಕಾರಣ. ಹುಡುಕಿ ತೆಗೆದವನು ತಾನು ಎನಿಸಿಕೊಳ್ಳುವ ಆಸೆ ಉಳಿದರ್ಧ. ಎರಡು ವರ್ಷದಿಂದ ಪುಸ್ತಕವನ್ನು ಯಾರಾದರೂ ಹೊಗಳಿದರೆ ಮಾಷ್ಟ್ರು ಚಪ್ಪಲಿಯ ತುದಿ ನೋಡುತ್ತಿದ್ದರು. ಜನ ಅದನ್ನು ವಿನಯವೆಂದರು.

ಈಗ ಪಠ್ಯಪುಸ್ತಕ ಸಮಿತಿಯ ಪ್ರೊಫೆಸರ್ ರುಡೊಲ್ಫ್ ಮೈಕಿನ ಮುಂದಿದ್ದರು. ಓಲೆ ಓದಿದ ಹುಡುಗಿಯ ಪ್ರಸಂಗ ಬರುವ ವರ್ಷದಿಂದ ನಾಲ್ಕನೆಯ ತರಗತಿಗೆ ಪಾಠವಾಗುತ್ತದೆ, ಮಾಷ್ಟ್ರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರಾಯಿತು ಎಂದರು. ಪೆನ್ನು ಕೈಗೆ ಬಂತು. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ, ಆ ಸುಳ್ಳು ತಾಳೆಗರಿಯ ಸಮೇತ. ತನ್ನದೇ ಶಾಲೆಯ ಮಕ್ಕಳು. ಮೂರನೆಯ ಸಾಲಿನಲ್ಲಿ ಬುರ್ಖಾದ ಹೆಂಗಸು ಅಲುಗಾಡದೆ ಕುಳಿತಿದ್ದಳು.

ಮಾಷ್ಟ್ರು ಎದ್ದು ನಿಂತರು.

“ತಾಳೆಗರಿ ಇರಲಿಲ್ಲ,” ಎಂದರು. “ಇದೆಲ್ಲ ಕಡವಿನ ಮನೆಯ ಅಲೀಮಮ್ಮ ಹೇಳಿದ್ದು. ನಾನು ಕದ್ದೆ.”

ರುಡೊಲ್ಫ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಬಂದು ಮಾಷ್ಟ್ರ ಕೈ ಹಿಡಿದರು. ತಾಳೆಗರಿ ಇವತ್ತಲ್ಲದಿದ್ದರೆ ನಾಳೆ ಇನ್ನೊಂದು ಸಿಕ್ಕೀತು, ತೊಂಬತ್ತು ದಾಟಿದ ನೆನಪು ಸಿಗುತ್ತದೆಯೇ ಎಂದು ಸಭೆಯನ್ನೇ ಕೇಳಿದರು. ಪಾಠದ ಕೆಳಗೆ ಅಲೀಮಮ್ಮನ ಹೆಸರಿರಲಿ ಎಂದು ಅಲ್ಲೇ ಪತ್ರ ತಿದ್ದಿಸಿದರು. ಚಪ್ಪಾಳೆ ಬಿತ್ತು. ಮಾಷ್ಟ್ರು ಸಹಿ ಹಾಕಿದರು. ಎರಡು ವರ್ಷದ ಭಾರ ಇಳಿಯಿತು. ರುಡೊಲ್ಫ್ ಪತ್ರವನ್ನು ಕೋಟಿನ ಜೇಬಿಗೆ ಸೇರಿಸಿ ಕಾರು ಹತ್ತಿ ಹೋದರು.

ಜನ ಕರಗಿದ ಮೇಲೆ ಮೊಯ್ದೀನಬ್ಬ ಹತ್ತಿರ ಬಂದ.

“ಎಂತ ಮಾಷ್ಟ್ರೇ, ನಮ್ಮ ಅಜ್ಜಿಯನ್ನು ಈ ವಯಸ್ಸಲ್ಲಿ ಶಾಲೆಗೆ ಸೇರಿಸಿಬಿಟ್ಟಿರಲ್ಲ,” ಎಂದು ನಕ್ಕ. ತಂಗಿಗೆ ಏನೋ ಮಾತಾಡಲಿಕ್ಕೆ ಉಂಟಂತೆ ಎಂದು ಹೇಳಿ, ರಿಕ್ಷಾ ನೋಡಲು ರಸ್ತೆಗಿಳಿದ.

ಹೆಂಗಸು ಮುಖದ ಮೇಲಿನ ಬಟ್ಟೆ ಎತ್ತಿದಳು. ಕಣ್ಣು ಅದೇ. ಝುಬೈದಾ.

“ನನ್ನನ್ನು ಕ್ಷಮಿಸಬೇಕು,” ಎಂದರು ಮಾಷ್ಟ್ರು.

ಅವಳು ಪುಸ್ತಕ ತೆರೆದು ಮುನ್ನುಡಿಯ ಮೇಲೆ ಬೆರಳಿಟ್ಟಳು.

“ಇದನ್ನು ಓದಿದ ದಿನ ನಾನು ಅತ್ತಿದ್ದೆ ಮಾಷ್ಟ್ರೇ, ಸಂತೋಷಕ್ಕೆ. ಎಷ್ಟೋ ವರ್ಷದ ಹೆದರಿಕೆ ಹೋಯಿತು. ತಾಳೆಗರಿಯಲ್ಲೂ ಅದೇ ಕಥೆ ಉಂಟಲ್ಲ ಅಂತ. ನಿಮಗೆ ಅದನ್ನೇ ಹೇಳಲಿಕ್ಕೆ ಬಂದದ್ದು.” ಪುಸ್ತಕ ಮುಚ್ಚಿದಳು. “ಹಾಗಾದರೆ ತಾಳೆಗರಿ ನಿಜವಾಗಿ ಇರಲೇ ಇಲ್ಲವಾ?”

“ಇರಲಿಲ್ಲ.”

ಝುಬೈದಾ ಸಭಾಗೃಹದ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟಳು. ರುಡೊಲ್ಫರ ಕಾರು ಹೋದ ದಾರಿಯನ್ನೇ ನೋಡಿದಳು. ಕಥೆ ನಿಂತರೆ ನೀವು ಬರುವುದು ನಿಲ್ಲುತ್ತಿತ್ತು, ನೀವು ಬರದಿದ್ದರೆ ನನಗೆ ಓದಲು ಪುಸ್ತಕ ಸಿಗುತ್ತಿರಲಿಲ್ಲ ಎಂದಳು, ತಲೆ ಎತ್ತದೆ.

“ಅಜ್ಜಿ ಪ್ರತಿ ಗುರುವಾರ ಗೊಣಗುತ್ತಿದ್ದದ್ದು ಒಂದೇ ಮಾತು ಮಾಷ್ಟ್ರೇ: ಈ ಮನುಷ್ಯ ಯಾವಾಗ ಎದ್ದು ಹೋಗ್ತಾನೆ?”