ಫೋಟೋ ತೆಗೆಯುವ ಗೇಮ್ ಆಡಿದ ಫೋಟೋಗ್ರಾಫರ್

ಹಿರಿಯೂರಿನಲ್ಲಿ ಓಬಳೇಶ್ ಅಂತ ಒಬ್ಬ ಫೋಟೋಗ್ರಾಫರ್. ವಯಸ್ಸು ನಲವತ್ತೆಂಟು.

ಹೈವೇಯಲ್ಲಿ ಆಕ್ಸಿಡೆಂಟ್ ಆದಾಗೆಲ್ಲ ಪೊಲೀಸ್ ಸ್ಟೇಷನ್‌ನಿಂದ ಅವನಿಗೇ ಫೋನ್ ಬರುತ್ತಿತ್ತು.

ಗಾಡಿ ನಂಬರ್, ರಸ್ತೆ ಮೇಲಿನ ಬ್ರೇಕ್ ಗುರುತು, ಆಮೇಲೆ ಸತ್ತವರ ಮುಖ... ಎಲ್ಲವನ್ನೂ ನಾಲ್ಕೂ ಕಡೆಯಿಂದ ತೆಗೆಯಬೇಕು. ಕೇಸಿಗೆ ಬೇಕಲ್ಲ.

ಹದಿನೆಂಟು ವರ್ಷದಿಂದ ಇದೇ ಕೆಲಸ. ಮನೆಗೆ ಬಂದು ಸ್ನಾನ ಮಾಡಿ ಊಟಕ್ಕೆ ಕೂರುತ್ತಿದ್ದ. ಏನು ನೋಡಿ ಬಂದೆ ಅಂತ ಯಾರ ಹತ್ತಿರಾನೂ ಬಾಯಿ ಬಿಡುತ್ತಿರಲಿಲ್ಲ.

ಆರು ವರ್ಷದ ಹಿಂದೆ ಒಂದು ನಾಮಕರಣಕ್ಕೆ ಫೋಟೋ ತೆಗೆಯಲು ಹೋಗಿದ್ದ.

ತೊಟ್ಟಿಲಲ್ಲಿದ್ದ ಮಗುವನ್ನು ಕ್ಯಾಮೆರಾದಲ್ಲಿ ನೋಡಿದರೆ... ಹಿಂದಿನ ದಿನ ರಸ್ತೆ ಪಕ್ಕದಲ್ಲಿ ಬಟ್ಟೆ ಸರಿಸಿ ತೆಗೆದಿದ್ದ ಇನ್ನೊಂದು ಮಗುವಿನ ಮುಖ ಕಂಡಿತು.

ಕ್ಯಾಮೆರಾ ಇಳಿಸಿದ. "ಬ್ಯಾಟರಿ ಹೋಯ್ತು" ಅಂತ ಸುಳ್ಳು ಹೇಳಿ ಎದ್ದು ಬಂದುಬಿಟ್ಟ.

ಅವತ್ತಿನಿಂದ ಬದುಕಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯಲೇ ಇಲ್ಲ. ಮದುವೆ ಆರ್ಡರ್ ಬಿಟ್ಟ. ಪಾಸ್‌ಪೋರ್ಟ್ ಫೋಟೋ ಕೂಡ ಬಿಟ್ಟ. ಮನೆಯಲ್ಲಿ ಮಾತ್ರ "ಈಗ ಅದರಲ್ಲಿ ಲಾಭ ಇಲ್ಲ" ಅಂದ. ಸ್ಟುಡಿಯೋದಲ್ಲಿ ಝೆರಾಕ್ಸ್, ಲ್ಯಾಮಿನೇಷನ್ ಅಷ್ಟೇ. ಸ್ಟೇಷನ್ ಕೆಲಸ ಮಾತ್ರ ನಡೆದೇ ಇತ್ತು.

ಹೆಂಡತಿ ಸರ್ವಮಂಗಳ ಎರಡು ಮೂರು ಸಲ ಕೇಳಿದ್ದಳು... "ನಂದೊಂದು ಫೋಟೋ ತೆಗೀರಿ."

"ಮೊಬೈಲಲ್ಲಿ ಯಾರಾದ್ರೂ ತೆಗೀತಾರೆ ಬಿಡು" ಅನ್ನುತ್ತಿದ್ದ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು.

ಒಂದು ಭಾನುವಾರ ಮಧ್ಯಾಹ್ನ ಮಗಳು ಇಂಚರ ಲ್ಯಾಪ್‌ಟಾಪ್ ತಂದು ಅವನ ಮುಂದಿಟ್ಟಳು.

"ಅಪ್ಪಾ, ಈ ಗೇಮ್ ಆಡಿ ನೋಡು. ಹೊಡೆದಾಟ ಇಲ್ಲ, ಟೈಮ್ ಇಲ್ಲ, ಸೋಲೋದೂ ಇಲ್ಲ. ಒಂದು ದ್ವೀಪ ಸುತ್ತಾಡ್ತಾ ಫೋಟೋ ತೆಗೆಯೋದು ಅಷ್ಟೇ."

"ಹೊಟ್ಟೆಪಾಡಿಗೆ ಮಾಡೋ ಕೆಲಸಾನ ಆಟ ಬೇರೆ ಆಡಬೇಕೇನವ್ವಾ?"

ಹಾಗಂದರೂ ಮಗಳ ಮನಸ್ಸು ನೋಯಿಸಬಾರದು ಅಂತ ಕೂತ.

ಬಣ್ಣ ಬಣ್ಣದ ಪುಟ್ಟ ದ್ವೀಪ. ಕಾಲುದಾರಿ, ತೊರೆ, ಬಾತುಕೋಳಿಗಳು. ಎಲ್ಲಿಗೆ ಬೇಕಾದರೂ ಹೋಗಬಹುದು. ಯಾರೂ ಅವಸರ ಮಾಡುವುದಿಲ್ಲ. ಅವನಿಗೇ ಗೊತ್ತಿಲ್ಲದ ಹಾಗೆ ಒಂದು ಗಂಟೆ ಕಳೆಯಿತು.

ಇಂಚರ ಬಂದು ಗೇಮಿನ ಆಲ್ಬಂ ತೆರೆದಳು. ಬಿದ್ದ ಮರ, ಮುರಿದ ಬೇಲಿ, ಮಗುಚಿದ ದೋಣಿ... ಪ್ರತಿಯೊಂದಕ್ಕೂ ನಾಲ್ಕು ಫೋಟೋ, ನಾಲ್ಕೂ ಕಡೆಯಿಂದ.

ದ್ವೀಪದ ಜನರಲ್ಲಿ ಒಬ್ಬರ ಮುಖವೂ ಇರಲಿಲ್ಲ.

"ಏನಪ್ಪಾ ಇದು, ಪಂಚನಾಮೆ ಮಾಡಿದ ಹಾಗಿದೆಯಲ್ಲ!" ಅಂತ ನಕ್ಕಳು. ಅಪ್ಪ ನಗಲಿಲ್ಲ. ಅವಳ ನಗೆಯೂ ಅಲ್ಲೇ ನಿಂತಿತು.

ಅವಳು ಒಳಗೆ ಹೋದ ಮೇಲೆ ಮತ್ತೆ ಆಡಿದ. ದೋಣಿಕಟ್ಟೆಯ ಮೇಲೆ ಒಬ್ಬಳು ಮುದುಕಿ ನಿಂತಿದ್ದಳು. "ನನ್ನದೊಂದು ಫೋಟೋ ತೆಗೆದುಕೊಡ್ತೀಯಾ?" ಅಂತ ಸ್ಕ್ರೀನ್ ಮೇಲೆ ಬಂತು.

ಬರೀ ಕಾರ್ಟೂನ್ ಅಂತ ಗೊತ್ತಿದ್ದರೂ ಬಟನ್ ಒತ್ತಲು ಬೆರಳು ಏಳಲಿಲ್ಲ.

ಮುದುಕಿ ಸುಮ್ಮನೆ ಕಾಯುತ್ತಿದ್ದಳು... ಕಣ್ಣು ಮಿಟುಕಿಸಿದಳು. ಸೆರಗು ಸರಿ ಮಾಡಿಕೊಂಡಂತೆ ಶಾಲು ಎಳೆದುಕೊಂಡಳು. ಮತ್ತೆ ಕಣ್ಣು ಮಿಟುಕಿಸಿದಳು.

ಓಬಳೇಶ್ ನೋಡುತ್ತಲೇ ಇದ್ದ. ಎಷ್ಟು ವರ್ಷವಾಗಿತ್ತು, ಅವನ ಕ್ಯಾಮೆರಾದ ಎದುರು ಯಾರಾದರೂ ಕಣ್ಣು ಮಿಟುಕಿಸಿ!

ಒತ್ತಿದ. ಮುದುಕಿ ಖುಷಿಯಿಂದ ಕೈ ಬೀಸಿದಳು. ಅವನ ಕಣ್ಣಲ್ಲಿ ನೀರು.

ಎದ್ದವನೇ ತನ್ನ ಕ್ಯಾಮೆರಾ ತೆಗೆದುಕೊಂಡು ಹಿತ್ತಿಲಿಗೆ ಹೋದ. ಸರ್ವಮಂಗಳ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು.

"ಮಂಗಳಾ... ಸ್ವಲ್ಪ ಇಲ್ಲಿ ನೋಡು."

ಕ್ಯಾಮೆರಾ ಕಂಡ ತಕ್ಷಣ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಬೇಡ ರೀ. ಆರು ವರ್ಷ ಇಲ್ಲದ್ದು ಇವತ್ತು ಯಾಕೆ? ಮಗಳೇನಾದ್ರೂ ಹೇಳಿಕೊಟ್ಟಳಾ?"

"ಯಾರೂ ಹೇಳಿಲ್ಲ. ಸೆರಗು ತೆಗಿ."

"ಈ ಮುಖಾನ ಏನ್ ಫೋಟೋ ತೆಗೀತೀರಿ... ಮಚ್ಚೆ ಬಂದ ಮೇಲೆ ನೀವೇ ಕ್ಯಾಮೆರಾ ಕೆಳಗಿಟ್ರಲ್ಲ. ನನಗೇನು ಗೊತ್ತಾಗಲ್ವಾ?"

ಓಬಳೇಶನಿಗೆ ಆಗಷ್ಟೇ ಅರ್ಥವಾಯಿತು.

ಅವಳ ತುಟಿಯ ಪಕ್ಕ ತೊನ್ನಿನ ಬಿಳಿ ಮಚ್ಚೆ ಶುರುವಾಗಿದ್ದೂ ಅದೇ ವರ್ಷ. ಗಂಡನಿಗೆ ತನ್ನ ಮುಖ ನೋಡಲು ಇಷ್ಟವಿಲ್ಲ ಅಂತಲೇ ಅವಳು ಆರು ವರ್ಷ ನಂಬಿಕೊಂಡು ಬದುಕಿದ್ದಳು...

ಅವನು ಹುಣಸೆಹಣ್ಣಿನ ಮೊರದ ಪಕ್ಕದಲ್ಲಿ ನೆಲದ ಮೇಲೆ ಕೂತ. ನಾಮಕರಣದ ದಿನದ್ದು, ಅದರ ಹಿಂದಿನ ದಿನದ್ದು, ಅದಕ್ಕೂ ಹಿಂದಿನದ್ದು... ಎಲ್ಲವನ್ನೂ ಮೊದಲ ಸಲ ಹೇಳಿದ. ಹೇಳುತ್ತಾ ಹೇಳುತ್ತಾ ಮಗುವಿನ ಥರ ಅತ್ತ.

"ಒಂದು ಮಾತು ಹೇಳಬಾರದಾ ರೀ..." ಅಂದಳು ಸರ್ವಮಂಗಳ. "ನೀವು ಅಲ್ಲಿ ಒಬ್ಬರೇ ಬೇಯ್ತಾ ಇದ್ರಿ. ನಾನು ಇಲ್ಲಿ ಕನ್ನಡಿ ಮುಂದೆ ನಿಂತು ನನ್ನನ್ನೇ ಬೈಕೊಂತಿದ್ದೆ."

ಅವಳೇ ಮುಖದ ಮೇಲಿನ ಸೆರಗು ತೆಗೆದಳು. ಕಣ್ಣು ಒರೆಸಿಕೊಳ್ಳಲೂ ಇಲ್ಲ. ಹಾಗೇ ನೋಡಿದಳು.

ಓಬಳೇಶ್ ಕ್ಯಾಮೆರಾ ಕಣ್ಣಿಗೆ ಹಿಡಿದ. ಫೋಟೋ ತೆಗೆದ.

ಒಂದೇ ದಿನದಲ್ಲಿ ಎಲ್ಲ ಸರಿಹೋಯಿತು ಅಂತಲ್ಲ. ಅವನು ಈಗ ಚಿತ್ರದುರ್ಗಕ್ಕೆ ಹೋಗಿ ಮನಸ್ಸಿನ ಡಾಕ್ಟರನ್ನು ನೋಡಿ ಬರುತ್ತಾನೆ, ಹೆಂಡತಿಯೂ ಜೊತೆಗೆ ಹೋಗುತ್ತಾಳೆ. ಸ್ಟೇಷನ್ ಕೆಲಸವನ್ನು ಇನ್ನೊಬ್ಬ ಫೋಟೋಗ್ರಾಫರ್ ಜೊತೆ ಹಂಚಿಕೊಂಡಿದ್ದಾನೆ. ಪಾಸ್‌ಪೋರ್ಟ್ ಫೋಟೋ ಮತ್ತೆ ಶುರು ಮಾಡಿದ್ದಾನೆ.

ಆ ಭಾನುವಾರ ಸಂಜೆ ಇಂಚರ ಫೋಟೋವನ್ನು ಅಮ್ಮನ ಮೊಬೈಲಿಗೆ ಹಾಕಿಕೊಟ್ಟಳು. "ಅಮ್ಮಾ, ಫಿಲ್ಟರ್ ಹಾಕ್ಲಾ? ಮಚ್ಚೆ ಕಾಣಲ್ಲ."

ಸರ್ವಮಂಗಳ ಫೋಟೋವನ್ನು ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದಳು.

"ಏನೂ ಹಾಕಬೇಡ. ಇದನ್ನೇ ಡಿಪಿ ಇಡು" ಅಂದಳು.

ನಾವು ಹೇಳದೆ ನುಂಗಿಕೊಂಡ ನೋವನ್ನು, ನಮ್ಮ ಮನೆಯವರು ತಮ್ಮದೇ ತಪ್ಪು ಅಂದುಕೊಂಡು ಅನುಭವಿಸುತ್ತಾರೆ.

ನಿಮ್ಮ ಮೌನಕ್ಕೆ ನಿಮ್ಮ ಮನೆಯಲ್ಲಿ ಯಾರು ಏನು ಅರ್ಥ ಮಾಡಿಕೊಂಡು ಕೂತಿದ್ದಾರೋ... ಇವತ್ತು ಒಂದು ಸಲ ಕೇಳಿ ನೋಡ್ತೀರಾ?