ಪೇರೋಲ್ ಬೇಡ ಅಂದವಳು

ಮೂರನೆಯ ಸಲವೂ ಆ ಹುಡುಗಿ ಬಿಳಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಹಳದಿ ಹಾಳೆಯನ್ನು ದೊಡ್ಡತಿಮ್ಮಪ್ಪನ ಮುಂದೆ ತಳ್ಳಿದಳು.

"ಇದಕ್ಕೆ ಸೈನ್ ಹಾಕ್ರಿ ಯಜಮಾನ್ರೆ. ನಿಮಗೆ ಇದೇ ಒಳ್ಳೇದು."

ಒಳ್ಳೇದು ಎಂಬ ಮಾತು ಕಿವಿಗೆ ಬಿದ್ದೊಡನೆ ಅವನು ಪೆನ್ನು ಕೆಳಗಿಟ್ಟ.

ಹಿರಿಯೂರಿನ ಬಸ್‌ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿದ್ದ ಆ ಏಜೆನ್ಸಿ, ಧರ್ಮಪುರದ ಕಡೆಯ ಸೋಲಾರ್ ಪ್ಲಾಂಟಿಗೆ ಮೂರು ತಿಂಗಳ ಮಟ್ಟಿಗೆ ಕಾವಲಿನವರನ್ನು ಸೇರಿಸಿಕೊಳ್ಳುತ್ತಿತ್ತು. ಸೇರುವವರು ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು. ಬಿಳಿ ಹಾಳೆ ಪೇರೋಲಿನದು. ಅದಕ್ಕೆ ಸೈನ್ ಹಾಕಿದವನು ಏಜೆನ್ಸಿಯ ನೌಕರ, ಪಿ.ಎಫ್., ಇ.ಎಸ್.ಐ. ಹಿಡಿದು ಮಿಕ್ಕ ಸಂಬಳ ಕೊಡುತ್ತಾರೆ. ಹಳದಿ ಹಾಳೆ ಕಾಂಟ್ರಾಕ್ಟಿನದು. ಅಲ್ಲಿ ಅವನು ಯಾರ ನೌಕರನೂ ಅಲ್ಲ, ತನಗೆ ತಾನೇ ಗುತ್ತಿಗೆದಾರ. ನೂರಕ್ಕೆ ಒಂದು ರೂಪಾಯಿ ತೆರಿಗೆ ಮುರಿದು ಉಳಿದದ್ದು ಪೂರ್ತಿ ಕೈಗೆ ಬರುತ್ತದೆ. ಆದರೆ ಪಿ.ಎಫ್. ಇಲ್ಲ, ಬಿದ್ದು ಕಾಲು ಮುರಿದುಕೊಂಡರೆ ಕೇಳುವವರೂ ಇಲ್ಲ.

ಬೆಳಗ್ಗೆಯಿಂದ ಬಂದವರಿಗೆಲ್ಲ ಅವಳು ಎರಡನ್ನೂ ವಿವರಿಸಿ, ನಿಮ್ಮಿಷ್ಟ ಎಂದು ಬಿಟ್ಟಿದ್ದಳು. ಸಾಲಿನಲ್ಲಿ ನಿಂತೇ ಅವನು ಕೇಳಿಸಿಕೊಂಡಿದ್ದ. ಇವನ ಆಧಾರ್ ಕಾರ್ಡು ಕೈಗೆ ಬಂದ ಮೇಲೆ ಅವಳ ವರಸೆಯೇ ಬದಲಾಯಿತು. ಹೊರಗಿದ್ದವರಿಗೆ ಊಟ ಮುಗಿಸಿಕೊಂಡು ಬನ್ನಿ ಎಂದು ಹೇಳಿ ಬಾಗಿಲು ಮುಂದೆ ಮಾಡಿದ್ದಳು.

ಸೈನ್ ಎಂದರೆ ದೊಡ್ಡತಿಮ್ಮಪ್ಪನಿಗೆ ಭಯ. ಹನ್ನೊಂದು ವರ್ಷದ ಹಿಂದೆ, ಚಿತ್ರದುರ್ಗದ ಎಣ್ಣೆ ಗಿರಣಿಯೊಂದರಲ್ಲಿ, ಎಲ್ಲರಿಗೂ ಒಳ್ಳೇದು ಎಂದು ಮಾಲೀಕ ನೀಡಿದ ಕಾಗದಕ್ಕೆ ಕೆಲಸಗಾರರ ಪರವಾಗಿ ಓದದೆ ಸೈನ್ ಹಾಕಿದ್ದ. ಅದು ಗಿರಣಿ ಮುಚ್ಚಲು ಕೊಟ್ಟ ಒಪ್ಪಿಗೆ; ತಿಂಗಳೊಳಗೆ ಮುಚ್ಚಿಯೇ ಬಿಟ್ಟಿತು. ನಲವತ್ತು ಮಂದಿ ಬೀದಿಗೆ ಬಿದ್ದರು. ದುಡ್ಡು ತಿಂದಿದ್ದಾನೆ ಎಂದು ಮಾಡದಕೆರೆಯ ಅವನ ಮನೆಯ ಮುಂದೆ ನಿಂತು ಮಣ್ಣು ತೂರಿದರು. ಹೆಂಡತಿ ಮಲ್ಲಕ್ಕನಿಗೂ, ನಾಲ್ಕನೇ ಕ್ಲಾಸಿನ ಮಗಳಿಗೂ ಒಂದು ಮಾತು ಹೇಳದೆ ಬಸ್ಸು ಹತ್ತಿದವನು ಆಂಧ್ರದ ಹೋಟೆಲುಗಳಲ್ಲಿ ದುಡಿಯುತ್ತ ಅಲ್ಲೇ ಉಳಿದುಬಿಟ್ಟ.

ಈಗ ಐವತ್ತೇಳು ದಾಟಿತ್ತು. ಗಿರಣಿಯಲ್ಲಿ ಹದಿನಾಲ್ಕು ವರ್ಷ ಕಟ್ಟಿದ ಪಿ.ಎಫ್. ಎಲ್ಲಿಗೂ ಹೋಗಿರುವುದಿಲ್ಲ, ಮತ್ತೆ ಪೇರೋಲಿಗೆ ಸೇರಿದರೆ ಹಳೇ ನಂಬರಿಗೆ ಜೀವ ಬರುತ್ತದೆ, ಐವತ್ತೆಂಟಕ್ಕೆ ಪಿಂಚಣಿ ಶುರು ಎಂದು ಹೋಟೆಲಿಗೆ ಬರುತ್ತಿದ್ದ ಗುಮಾಸ್ತನೊಬ್ಬ ಹೇಳಿದ್ದ. ಬರಿಗೈಯಲ್ಲಿ ಮಲ್ಲಕ್ಕನ ಎದುರು ನಿಲ್ಲಲು ಅವನಿಗೆ ಮುಖವಿರಲಿಲ್ಲ. ಪಿಂಚಣಿಯ ಪುಸ್ತಕ ಕೈಗಿಟ್ಟರೆ, ಬಯ್ದಾದರೂ ಒಳಗೆ ಕರೆದಾಳು.

ತನಗೆ ಪಿ.ಎಫ್. ಇರುವ ಹಾಳೆಯೇ ಬೇಕೆಂದ. ಮೂರು ತಿಂಗಳಿಗೆ ಅದೆಲ್ಲ ಯಾಕೆ ಎಂದಳು. ತನ್ನ ಹಳೇ ನಂಬರು ಇದೆ, ಅದನ್ನೇ ಹಾಕಿ ಎಂದ. ಹಳೇ ನಂಬರು ನಡೆಯುವುದಿಲ್ಲ ಎಂದಳು. ಹಳದಿಯಲ್ಲಾದರೆ ಕೈಗೆ ಹೆಚ್ಚು ಬರುತ್ತದೆ ಎಂದಳು. ಬೇಡವೆಂದ. ಮಾತಾಡುವಾಗ ಅವಳು ಅವನ ಮುಖ ನೋಡುತ್ತಿರಲಿಲ್ಲ. ಸುಳ್ಳು ಹೇಳುವವರ ರೀತಿ ಎಂದುಕೊಂಡ ದೊಡ್ಡತಿಮ್ಮಪ್ಪ. ಕಾಂಟ್ರಾಕ್ಟಿನ ಒಂದೊಂದು ತಲೆಗೂ ಇವಳಿಗೆ ಕಮಿಷನ್ ಇರಬೇಕು. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗಿ. ಇಷ್ಟು ಬೇಗ ಎಷ್ಟು ಕಲಿತಿದ್ದಾಳೆ.

ಕಾರ್ಡು ಕಿತ್ತುಕೊಂಡು ಎದ್ದ.

"ದುರ್ಗದ ಲೇಬರ್ ಆಫೀಸಿಗೆ ಹೋಗ್ತೀನಿ. ನನ್ನ ನಂಬರು ಯಾಕೆ ನಡೆಯಲ್ಲ ಅಂತ ಅಲ್ಲೇ ಕೇಳ್ತೀನಿ."

ಅವಳು ಮೇಜು ಸುತ್ತಿಕೊಂಡು ಬಂದು ಬಾಗಿಲಿಗೆ ಅಡ್ಡ ನಿಂತಳು.

"ಹೋಗಬ್ಯಾಡ್ರಿ. ಆ ನಂಬರು ಎತ್ತಿದ್ರೆ ಪಿ.ಎಫ್. ಆಫೀಸಿಗೆ ಗೊತ್ತಾಗ್ತೈತೆ."

"ಏನು ಗೊತ್ತಾಗ್ತೈತೆ?"

"ನೀವು ಬದುಕಿದ್ದೀರಿ ಅಂತ."

ಅವಳು ನೆಲ ನೋಡುತ್ತ ಹೇಳಿದಳು. ಏಳು ವರ್ಷ ಸುದ್ದಿಯಿಲ್ಲದವನು ಸತ್ತಂತೆ ಎಂಬುದು ಕಾನೂನು. ಹೊಸದುರ್ಗದ ಕೋರ್ಟಿಗೆ ವರ್ಷವೆಲ್ಲ ಅಲೆದು ಮಲ್ಲಕ್ಕ ಆದೇಶ ತಂದಿದ್ದಳು. ಮೂರು ವರ್ಷದಿಂದ ಆ ನಂಬರಿನ ಮೇಲೆ ವಿಧವೆಯ ಪಿಂಚಣಿ ಬರುತ್ತಿತ್ತು. ಅವನು ಪೇರೋಲಿಗೆ ಸೇರಿದ ದಿನ ಅದು ನಿಲ್ಲುತ್ತದೆ; ಇದುವರೆಗೆ ತಿಂದದ್ದನ್ನೂ ಕಕ್ಕಬೇಕಾಗುತ್ತದೆ.

"ಕುಂಕುಮ ಅಳಿಸ್ಕೊಂಡು, ತಿಥಿ ಮಾಡಿ, ಅತ್ತು ಮುಗಿಸೈತೆ ಆಯಮ್ಮ," ಎಂದಳು. "ಈಗೀಗ ಕಣ್ತುಂಬ ನಿದ್ದೆ ಮಾಡ್ತೈತೆ. ಮತ್ತೆ ಎಬ್ಬಿಸ್ತೀರೇನು?"

ದೊಡ್ಡತಿಮ್ಮಪ್ಪ ಮತ್ತೆ ಕುರ್ಚಿಯಲ್ಲಿ ಕೂತ. ಕೆಳಗೆ ಧರ್ಮಪುರದ ಬಸ್ಸು ಹಾರ್ನ್ ಹೊಡೆಯಿತು, ಕಂಡಕ್ಟರ್ ಕೂಗಿದ, ಬಸ್ಸು ಹೋಯಿತು. ತಾನು ಒಯ್ದು ಕೊಡಬೇಕೆಂದಿದ್ದದ್ದು ಮಲ್ಲಕ್ಕನಿಗೆ ಯಾವಾಗಲೋ ಮುಟ್ಟಿತ್ತು. ತಾನು ಇಲ್ಲದ್ದರಿಂದಲೇ ಮುಟ್ಟಿತ್ತು. ಇನ್ನು ಆ ಬಾಗಿಲಿಗೆ ಹೋಗಿ ನಿಂತರೆ, ಇದ್ದದ್ದನ್ನೂ ಕಸಿದುಕೊಂಡಂತೆ.

ಹಳದಿ ಹಾಳೆಯನ್ನು ತಾನೇ ಎಳೆದುಕೊಂಡ. ಈ ಸಲ ಒಂದಕ್ಷರ ಬಿಡದೆ ಓದಿದ. ಓದಿ ಮುಗಿಸಿ, ನಿಧಾನವಾಗಿ ಸೈನ್ ಹಾಕಿದ. ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೇ ಅವನಿಗೆ ಹೊಳೆದದ್ದು.

"ಕಾರ್ಡಿನ ನಂಬರು ಕಂಪ್ಯೂಟರಿಗೇ ಹಾಕ್ಲಿಲ್ಲ ನೀವು. ಇಷ್ಟೆಲ್ಲ ಹೆಂಗೆ ಗೊತ್ತಾತು ಮೇಡಂ?"

ಅವಳು ಹಾಳೆಯನ್ನು ಫೈಲಿಗೆ ಸೇರಿಸಿ, ಮೊದಲ ಬಾರಿಗೆ ಅವನ ಮುಖವನ್ನು ನೇರವಾಗಿ ನೋಡಿದಳು.

"ನೀನು ಸತ್ತಿದ್ದೀ ಅಂತ ಕೋರ್ಟಿನಾಗೆ ಸಾಕ್ಷಿ ಹೇಳಿದವಳು ನಾನೇ, ಅಪ್ಪಾ."